ಕಲ್ಲಿದ್ದಲು ಕಣಿವೆಯ ಕಾವಲು: ವೇಲ್ಸ್‌ನ ಗಣಿ ಕಾರ್ಮಿಕರು ಬಂದೂಕು ಹಿಡಿದ ಕಾಲ

[ದೃಶ್ಯ: ದಕ್ಷಿಣ ವೇಲ್ಸ್‌ನ ನಕ್ಷೆ, ರೋಂಡಾ ಕಣಿವೆಯ ಮೇಲೆ ಗುರುತು]

ನಮಸ್ಕಾರ. 1940ರ ಮೇ 14ರ ರಾತ್ರಿ ಬ್ರಿಟನ್ನಿನ ಯುದ್ಧ ಸಚಿವ ಆಂಥನಿ ಈಡನ್ ಅವರು ರೇಡಿಯೋದಲ್ಲಿ ಮಾತನಾಡಿ, 17ರಿಂದ 65 ವರ್ಷದೊಳಗಿನ ಗಂಡಸರು ತಮ್ಮ ತಮ್ಮ ಊರುಗಳ ರಕ್ಷಣೆಗೆ ಹೆಸರು ಕೊಡಬೇಕೆಂದು ಕರೆ ನೀಡಿದರು. ಜರ್ಮನಿಯ ಪ್ಯಾರಾಚೂಟ್ ಸೈನಿಕರು ಹಾಲೆಂಡಿನಲ್ಲಿ ಇಳಿದು ಆಗ ನಾಲ್ಕೇ ದಿನಗಳಾಗಿದ್ದವು. ಸಂಬಳವಿಲ್ಲದ ಈ ಪಡೆಗೆ ಜುಲೈ ಮುಗಿಯುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಪ್ರಧಾನಿ ಚರ್ಚಿಲ್ ಅವರ ಇಚ್ಛೆಯಂತೆ ಅದಕ್ಕೆ ‘ಹೋಮ್ ಗಾರ್ಡ್’ ಎಂಬ ಹೆಸರು ಬಂತು.

ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ಈ ಕರೆಗೆ ಬೇರೆಯೇ ತೂಕವಿತ್ತು. 1910ರಲ್ಲಿ ರೋಂಡಾದ ಟೋನಿಪ್ಯಾಂಡಿಯಲ್ಲಿ ಗಣಿ ಕಾರ್ಮಿಕರ ಹೋರಾಟ ಗಲಭೆಗೆ ತಿರುಗಿದಾಗ ಗೃಹ ಸಚಿವರಾಗಿದ್ದವರು ಇದೇ ಚರ್ಚಿಲ್. ಆಗ ಆ ಕಣಿವೆಗೆ ಸೈನ್ಯ ಬಂದದ್ದನ್ನು ಜನ ಮರೆತಿರಲಿಲ್ಲ. ಮೂವತ್ತು ವರ್ಷಗಳ ಬಳಿಕ ಅದೇ ಕಣಿವೆಗಳ ಕಾರ್ಮಿಕರ ಕೈಗೆ ಸರ್ಕಾರವೇ ಬಂದೂಕು ಕೊಟ್ಟಿತು. ಈ ಪಡೆಯ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಸಂಗತಿಯೇ.

[ದೃಶ್ಯ: ಗಣಿಯ ಬಾಯಿ, ಕಾರ್ಮಿಕರ ತೊಟ್ಟಿಲನ್ನು (ಲಿಫ್ಟ್) ಇಳಿಸುವ ಎತ್ತರದ ಚಕ್ರ]

ಗಣಿಗೆ ಕಾವಲು ಏಕೆ ಬೇಕಿತ್ತು? ಕಾರ್ಮಿಕರನ್ನು ಇಳಿಸಿ ಹತ್ತಿಸುವ ಯಂತ್ರ ಕೆಟ್ಟರೆ ಕೆಳಗಿದ್ದವರು ಮೇಲೆ ಬರುವುದು ಕಷ್ಟ. ನೀರೆತ್ತುವ ಪಂಪು ನಿಂತರೆ ಸುರಂಗಗಳಲ್ಲಿ ನೀರು ತುಂಬುತ್ತದೆ; ಗಾಳಿ ಊದುವ ಫ್ಯಾನು ನಿಂತರೆ ಮೀಥೇನ್ ಅನಿಲ ಕೂಡಿಕೊಂಡು, ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಆದ್ದರಿಂದ ಎಂಜಿನ್ ಮನೆ, ವಿದ್ಯುತ್ ಕೇಂದ್ರ ಮತ್ತು ಸಿಡಿಮದ್ದಿನ ಮನೆಯನ್ನು ಕಾಯುವುದೆಂದರೆ ನೆಲದಡಿಯಲ್ಲಿದ್ದ ಸಹೋದ್ಯೋಗಿಗಳ ಜೀವವನ್ನು ಕಾಯುವುದೇ ಆಗಿತ್ತು.

ಸಿಡಿಮದ್ದು ಇವರಿಗೆ ಹೊಸದಲ್ಲ. ಕಲ್ಲಿದ್ದಲಿನ ಪದರಕ್ಕೆ ಕುಳಿ ಕೊರೆದು, ಮದ್ದು ತುಂಬಿ, ಜೇಡಿಮಣ್ಣಿನಿಂದ ಬಾಯಿ ಬಿಗಿದು, ಎಲ್ಲರನ್ನೂ ದೂರ ಸರಿಸಿ ಸಿಡಿಸುವುದು ಕೆಲವರ ನಿತ್ಯದ ಕಸುಬು. ಲಂಡನ್ ಬಳಿಯ ಆಸ್ಟರ್ಲಿ ಪಾರ್ಕ್‌ನಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿದ್ದ ಟಾಮ್ ವಿಂಟ್ರಿಂಗ್‌ಹ್ಯಾಮ್ ನಡೆಸಿದ ಹೋಮ್ ಗಾರ್ಡ್ ತರಬೇತಿ ಶಾಲೆಯಲ್ಲಿ ಟ್ಯಾಂಕುಗಳನ್ನು ಎದುರಿಸುವ ಬಗೆಯನ್ನು ಕಲಿಸಿದವರಲ್ಲಿ ಸ್ಪೇನಿನ ಗಣಿ ಕಾರ್ಮಿಕರೂ ಇದ್ದರು. ಹೋಮ್ ಗಾರ್ಡ್‌ಗೆ ಕೊಟ್ಟ 76ನೇ ಸಂಖ್ಯೆಯ ಗ್ರೆನೇಡ್ ನೋಡಲು ಬರಿಯ ಗಾಜಿನ ಸೀಸೆ: ಒಳಗೆ ಬಿಳಿ ರಂಜಕ, ಬೆಂಜೀನ್ ಮತ್ತು ಕರಗಿ ದ್ರವವನ್ನು ಅಂಟಾಗಿಸುವ ರಬ್ಬರ್ ಪಟ್ಟಿ. ಅದು ಒಡೆದು ಗಾಳಿ ತಗುಲಿದೊಡನೆ, ಬೆಂಕಿಕಡ್ಡಿಯ ಹಂಗಿಲ್ಲದೆ, ತಾನಾಗಿ ಹೊತ್ತಿಕೊಳ್ಳುತ್ತಿತ್ತು.

ವೈಮಾನಿಕ ದಾಳಿಯ ಭಯ ಬರಿಯ ಊಹೆಯಾಗಿರಲಿಲ್ಲ. 1941ರ ಫೆಬ್ರವರಿಯಲ್ಲಿ ಸ್ವಾನ್ಸಿ ನಗರ ಮೂರು ರಾತ್ರಿ ಸತತವಾಗಿ ಉರಿಯಿತು. ಏಪ್ರಿಲ್ ಕೊನೆಯಲ್ಲಿ ರೋಂಡಾದ ಕುಮ್‌ಪಾರ್ಕ್ ಎಂಬ ಗಣಿ ಹಳ್ಳಿಯ ಮೇಲೆಯೇ ಬಾಂಬುಗಳು ಬಿದ್ದು ಮಕ್ಕಳೂ ಸತ್ತರು.

ಪಾಳಿ ಮುಗಿಸಿ, ಮಸಿ ತೊಳೆದುಕೊಂಡು, ಮತ್ತೆ ಸಮವಸ್ತ್ರ ತೊಟ್ಟು ಕವಾಯತಿಗೆ ನಿಲ್ಲುವುದು ಸಣ್ಣ ಮಾತಲ್ಲ. 1942ರಲ್ಲಿ ಕಡ್ಡಾಯ ಸೇರ್ಪಡೆಗೂ ಅವಕಾಶವಾಗಿ, ತಿಂಗಳಿಗೆ 48 ಗಂಟೆಗಳವರೆಗೆ ಕರ್ತವ್ಯ ವಿಧಿಸಬಹುದಾಯಿತು.

[ದೃಶ್ಯ: ಡಿಫೆನ್ಸ್ ಪದಕ]

1944ರ ಡಿಸೆಂಬರ್ 3ರಂದು ಈ ಪಡೆಯ ಸೇವೆಯನ್ನು ನಿಲ್ಲಿಸಲಾಯಿತು. ಮೂರು ವರ್ಷ ಹೋಮ್ ಗಾರ್ಡ್‌ನಲ್ಲಿದ್ದವರು ಡಿಫೆನ್ಸ್ ಪದಕಕ್ಕೆ ಅರ್ಹರಾದರು. ಆದರೆ ಸೈನ್ಯದ ಬದಲು ಕಡ್ಡಾಯವಾಗಿ ಗಣಿಗಿಳಿದ ‘ಬೆವಿನ್ ಬಾಯ್ಸ್’ ಯುವಕರಿಗೆ ಆ ದುಡಿಮೆಗಾಗಿ ಯಾವ ಯುದ್ಧ ಪದಕವೂ ಸಿಗಲಿಲ್ಲ. ಸರ್ಕಾರ ಅವರಿಗೊಂದು ಬ್ಯಾಡ್ಜ್ ಕೊಟ್ಟದ್ದು 2008ರಲ್ಲಿ.