ಅಡುಗೆಮನೆಯ ಚಾಕುವಿಗೆ ಯಾವ ಸಾಣೆ?

ದೇವರಾಜ ಮಾರುಕಟ್ಟೆಯಿಂದ ಬೆಳಿಗ್ಗೆ ತಂದ ಟೊಮೆಟೊ ಇದು. ಚಾಕುವನ್ನು ಮೆಲ್ಲಗೆ ಎಳೆಯುತ್ತಿದ್ದೇನೆ, ನೋಡಿ. ಸಿಪ್ಪೆ ಸೀಳುತ್ತಿಲ್ಲ, ಹಣ್ಣು ಕುಸಿಯುತ್ತಿದೆ. ಇಂಥ ಹೊತ್ತಿನಲ್ಲಿ ಕೈ ತಾನಾಗಿಯೇ ಜೋರಾಗಿ ಒತ್ತುತ್ತದೆ, ಅಲಗು ಜಾರಿ ಬೆರಳಿಗೆ ಬರುತ್ತದೆ. ಹಬ್ಬದ ದಿನ ಮೂಟೆಗಟ್ಟಲೆ ತರಕಾರಿ ಹೆಚ್ಚುವ ಹೆಂಗಸರ ಮಣಿಕಟ್ಟು ನೋಯುವುದಕ್ಕೆ ಅರ್ಧ ಕಾರಣ ಈ ಮೊಂಡು ಚಾಕುಗಳೇ ಎಂದು ನಾನು ನಂಬಿದ್ದೇನೆ. ಅದಕ್ಕೇ ಈ ವಿಡಿಯೊ.

ನಮ್ಮ ಮನೆಯಲ್ಲಿರುವುದು ಒಂದೆರಡು ಸ್ಟೀಲ್ ಚಾಕು, ಅಮ್ಮನ ಈಳಿಗೆ ಮಣೆ, ತೆಂಗಿನಕಾಯಿ ಸುಲಿಯಲು ಒಂದು ಮಚ್ಚು. ಮೈಸೂರು, ಮಂಡ್ಯದ ಹೆಚ್ಚಿನ ಮನೆಗಳಲ್ಲೂ ಇಷ್ಟೇ ಇರುತ್ತದೆ. ಇವುಗಳಿಗೆ ಯಾವುದು ಒಗ್ಗುತ್ತದೆ ಎಂಬುದಷ್ಟೇ ಇಂದಿನ ಪ್ರಶ್ನೆ.

ಸೀಳಿನೊಳಗೆ ಚಾಕು ಎಳೆಯುವ ಈ ಪುಟ್ಟ ಶಾರ್ಪನರ್ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಒಳಗಿರುವ ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತುವಿನ ತುಂಡುಗಳು ಲೋಹವನ್ನು ಕಿತ್ತು ತೆಗೆಯುತ್ತವೆ. ಹರಿತವೇನೋ ತಕ್ಷಣ ಬರುತ್ತದೆ, ಆದರೆ ಅಂಚು ಒರಟಾಗುತ್ತದೆ, ಚಾಕು ಬೇಗ ಸವೆಯುತ್ತದೆ. ನನಗೆ ಇದು ಬೇಡ. ಉದ್ದನೆಯ ಉಕ್ಕಿನ ಸರಳು ಒಳ್ಳೆಯದು, ಆದರೆ ಅದರ ಕೆಲಸ ಬೇರೆ. ಬಾಗಿದ ಅಂಚನ್ನು ಅದು ನೇರ ಮಾಡುತ್ತದೆ. ಪೂರ್ತಿ ಮೊಂಡಾದದ್ದಕ್ಕೆ ಹೊಸ ಬಾಯಿ ಕೊಡುವುದಿಲ್ಲ.

ಬೀದಿಯಲ್ಲಿ ಸೈಕಲ್ ತುಳಿಯುತ್ತ ಸಾಣೆ ಹಿಡಿಯುವವರು ಬಂದರೆ ಮಚ್ಚನ್ನು ಕಣ್ಣುಮುಚ್ಚಿ ಅವರಿಗೇ ಕೊಡುತ್ತೇನೆ. ಅಂಚು ಮುಕ್ಕಾದರೆ ಕೈಯಲ್ಲಿ ಉಜ್ಜಿ ಸರಿಮಾಡುವುದು ದೊಡ್ಡ ಶ್ರಮ. ಚಕ್ರಕ್ಕೆ ಅದು ಸುಲಭ. ತೆಳು ಚಾಕು ಕೊಡುವಾಗ ಮಾತ್ರ "ಅಣ್ಣ, ನಡುನಡುವೆ ನೀರಿಗೆ ಅದ್ದಿ" ಎಂದು ಕೇಳಿಕೊಳ್ಳಿ. ಒಣ ಚಕ್ರದಲ್ಲಿ ಅಂಚು ನೀಲಿಗೆ ತಿರುಗಿತೆಂದರೆ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಉಕ್ಕಿನ ಹದ ಕೆಟ್ಟಿದೆ ಎಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ.

ದಿನಬಳಕೆಗೆ ನಾನು ಆರಿಸಿಕೊಂಡದ್ದು ಈ ಮಸೆಗಲ್ಲು. ಒಂದು ಮಗ್ಗುಲು 400 ಗ್ರಿಟ್, ಇನ್ನೊಂದು 1000. ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು. 6000ದ ಕಲ್ಲುಗಳೂ ಇವೆ, ಆದರೆ ಬದನೆಕಾಯಿ, ಬೀನ್ಸ್ ಹೆಚ್ಚುವ ಮನೆಗೆ 1000 ಧಾರಾಳ ಸಾಕು. ತೀರ ಮೊಂಡಾಗಿದ್ದರೆ ಮಾತ್ರ 400ರಿಂದ ಶುರುಮಾಡಿ.

ಕಲ್ಲನ್ನು ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಕಿದ್ದೇನೆ, ಅಲುಗಾಡುವುದಿಲ್ಲ. ಈಗ ಅಲಗನ್ನು ಕಲ್ಲಿಗೆ ಎಷ್ಟು ಓರೆಯಾಗಿ ಹಿಡಿಯಬೇಕು ಎಂಬ ಕೋನ. ನಮ್ಮ ಮೆದು ಸ್ಟೀಲ್ ಚಾಕುಗಳಿಗೆ ಪ್ರತಿ ಬದಿಗೆ ಸುಮಾರು 20 ಡಿಗ್ರಿ ಸರಿ. ಜಪಾನಿನ ಗಟ್ಟಿ ಉಕ್ಕಿನ ಚಾಕುವಾದರೆ 15. ಅಳೆಯುವ ಸಾಧನ ಬೇಡ: ಅಲಗಿನ ಅಗಲ ನಾಲ್ಕು ಸೆಂಟಿಮೀಟರ್ ಇದ್ದರೆ, ಬೆನ್ನನ್ನು ಕಲ್ಲಿನಿಂದ ಒಂದೂವರೆ ಸೆಂಟಿಮೀಟರಿಗೆ ಚೂರು ಕಡಿಮೆ ಎತ್ತಿ ಹಿಡಿಯಿರಿ. ಅಷ್ಟೇ ಎತ್ತರ ಕಾಯ್ದುಕೊಂಡು ಹಿಡಿಯಿಂದ ತುದಿಯವರೆಗೆ ಮಸೆಯುತ್ತ ಹೋಗಿ. ಸದ್ದು ಕೇಳಿ, ಒಂದೇ ಸಮನಾಗಿ ಸರ್ರ್ ಎನ್ನುತ್ತಿದೆ. ಕೋನ ತಪ್ಪಿದರೆ ಕಿವಿಗೆ ಮೊದಲು ಗೊತ್ತಾಗುತ್ತದೆ.

ಎಷ್ಟು ಹೊತ್ತು ಎಂದು ಗಡಿಯಾರ ನೋಡಬೇಡಿ. ಇನ್ನೊಂದು ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಅಂಚಿನ ಆಚೆಗೆ ಸವರಿ. ಎಂದಿಗೂ ಅಂಚಿನ ಉದ್ದಕ್ಕೆ ಸವರಬೇಡಿ. ಸಾಕಷ್ಟು ಮಸೆದಿದ್ದರೆ ಅಲ್ಲಿ ಕೂದಲೆಳೆಯಷ್ಟು ಲೋಹ ಮಡಚಿಕೊಂಡು ತರಿತರಿಯಾಗಿ ತಗಲುತ್ತದೆ. ಅಂಚಿನ ಉದ್ದಕ್ಕೂ ಅದು ಸಿಕ್ಕಿದ ಮೇಲಷ್ಟೇ ಚಾಕು ತಿರುಗಿಸಿ. ಎರಡೂ ಬದಿ ಮುಗಿದ ಮೇಲೆ ಕೈ ಹಗುರ ಮಾಡಿ ಬದಲಿಸಿ ಬದಲಿಸಿ ಎಳೆದು ಆ ತರಿಯನ್ನು ಕಳೆಯಬೇಕು. ಈ ಕೊನೆಯ ಹಂತ ಬಿಟ್ಟರೆ ಹರಿತ ಎರಡೇ ದಿನಕ್ಕೆ ಹೋಗುತ್ತದೆ. ಕಲ್ಲಿನ ಮೇಲಿನ ಕಪ್ಪು ರಾಡಿಯನ್ನು ಮಧ್ಯೆ ತೊಳೆಯಬೇಡಿ, ಮಸೆಯುವುದಕ್ಕೆ ಅದೂ ನೆರವಾಗುತ್ತದೆ.

ಈಳಿಗೆಗೂ ಇದೇ ಕಲ್ಲು. ಅಲಗು ಮಣೆಗೆ ಕಚ್ಚಿಕೊಂಡಿರುವುದರಿಂದ ಕಲ್ಲನ್ನೇ ಕೈಯಲ್ಲಿ ಹಿಡಿದು, ಬಾಗಿನ ಗುಂಟ ಬುಡದಿಂದ ಮೇಲಕ್ಕೆ ಉಜ್ಜುತ್ತಿದ್ದೇನೆ. ಬೆರಳುಗಳು ಕಲ್ಲಿನ ಅಂಚಿನಿಂದ ಹಿಂದೆ ಇರಲಿ. ಅಮ್ಮನ ಈಳಿಗೆ ಕಬ್ಬಿಣದ್ದು, ಹುಣಸೆ ಹುಳಿ ತಗುಲಿ ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಗರಗಸದ ಹಲ್ಲಿರುವ ಬ್ರೆಡ್ ಚಾಕುವನ್ನು ಮಾತ್ರ ಈ ಕಲ್ಲಿಗೆ ತರಬೇಡಿ.