ಗೋಸಾಯಿಕುಂಡ: ದಾರಿ ಚಿಕ್ಕದು, ಏರು ದೊಡ್ಡದು

[ದೃಶ್ಯ: ಬೆಳಗಿನ ಕುಂಡ. ದಡದಲ್ಲಿ ತ್ರಿಶೂಲ, ಬಂಡೆಗಳ ನಡುವೆ ಕಟ್ಟಿದ ಬೌದ್ಧರ ಬಣ್ಣದ ಬಾವುಟಗಳು.]

ನಮಸ್ಕಾರ. ಇದು ನೇಪಾಳದ ರಸುವಾ ಜಿಲ್ಲೆಯ ಗೋಸಾಯಿಕುಂಡ, ಎತ್ತರ 4,380 ಮೀಟರ್. ಹಾಲಾಹಲ ಕುಡಿದ ಶಿವ ಗಂಟಲುರಿ ತಾಳಲಾರದೆ ತ್ರಿಶೂಲದಿಂದ ಬೆಟ್ಟ ತಿವಿದಾಗ ಚಿಮ್ಮಿದ ನೀರು ಅಂತ ನಂಬಿಕೆ. ಈ ನೀರು ಹರಿದು ಸೇರುವ ನದಿಯ ಹೆಸರೂ ತ್ರಿಶೂಲಿ. ಬೌದ್ಧರಾದ ತಮಾಂಗ್ ಜನರಿಗೂ ಇದು ಪವಿತ್ರ. ಜನೈ ಪೂರ್ಣಿಮೆಯಂದು, ಅಂದರೆ ನಮ್ಮ ನೂಲು ಹುಣ್ಣಿಮೆಗೇ, ಜನಿವಾರ ಬದಲಿಸುವವರ ಪಕ್ಕದಲ್ಲೇ ಮಂತ್ರ ಹಾಕಿ ಕಾಯಿಲೆ ಬಿಡಿಸುವ ತಮಾಂಗ್ ಝಾಂಕ್ರಿಗಳು ಡೋಲು ಬಡಿಯುತ್ತಾ ಬರುತ್ತಾರೆ. ನೋಡಲೇಬೇಕಾದ ದಿನ ಅದು.

ಆದರೆ ಅದೇ ದಿನ ಹೆಚ್ಚು ಜನ ಕುಸಿಯುತ್ತಾರೆ. ಬಸ್ಸು ಇಳಿಯುವ ಧುಂಚೆ ಇರುವುದು ಸುಮಾರು 2,000 ಮೀಟರಿನಲ್ಲಿ. ಕಾಲು ಗಟ್ಟಿ ಇದ್ದವರು ಅಲ್ಲಿಂದ ಎರಡೇ ದಿನಕ್ಕೆ ಕುಂಡ ಮುಟ್ಟುತ್ತಾರೆ. ಮೈ ಮಾತ್ರ ಇನ್ನೂ ಒಗ್ಗಿರುವುದಿಲ್ಲ. ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು 60% ಅಷ್ಟೇ. 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಲ್ಲಿ ಪರೀಕ್ಷಿಸಿದ ಯಾತ್ರಿಕರ ಪೈಕಿ ನೂರಕ್ಕೆ 68 ಮಂದಿಗೆ ಎತ್ತರದ ಕಾಯಿಲೆ ಕಂಡಿತ್ತು.

[ದೃಶ್ಯ: ದಾರಿಯ ನಕ್ಷೆ]

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಹಾಗಾಗಿ ಮೊದಲ ರಾತ್ರಿ ಧುಂಚೆ. ಮುಂದಿನ ಎರಡು ರಾತ್ರಿ ಚಂದನಬಾರಿ, 3,300 ಮೀಟರ್; ಒಂದೇ ದಿನದಲ್ಲಿ 1,300 ಮೀಟರ್ ಹತ್ತಿರುತ್ತೀರಿ, ಈ ವಿಶ್ರಾಂತಿ ಬಿಡಬೇಡಿ. ಆಮೇಲೆ ಚೋಲಾಂಗ್‌ಪಾಟಿ, ಮರುರಾತ್ರಿ 3,900 ಮೀಟರಿನ ಲೌರಿಬಿನಾ. ಬೆಳಿಗ್ಗೆ ಅಲ್ಲಿಂದ ಸುಮಾರು ಮೂರು ಗಂಟೆ ನಡೆದರೆ ಕುಂಡ. ಪೂಜೆ ಮುಗಿಸಿ ಅದೇ ದಿನ ಕೆಳಗಿಳಿದು ಮಲಗಿ.

ಮೈ ಎತ್ತರಕ್ಕೆ ಬೇಗ ಒಗ್ಗಲು ನೆರವಾಗುವ ಅಸಿಟಜೋಲಮೈಡ್ ಮಾತ್ರೆ ಬೇಕೇ ಅಂತ ಊರಲ್ಲೇ ವೈದ್ಯರನ್ನು ಕೇಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ಹೇಳಿ. ಉಪವಾಸ ಇರುವವರು ನೀರನ್ನಂತೂ ಬಿಡಬೇಡಿ.

ಸ್ನಾನಕ್ಕೆ ಮೂರು ಮುಳುಗು ಸಾಕು. ಒಣ ಬಟ್ಟೆ, ಉಣ್ಣೆ ಟೋಪಿ ದಡದಲ್ಲೇ ತೆರೆದಿಟ್ಟುಕೊಂಡು ಇಳಿಯಿರಿ. ಒದ್ದೆ ಪಂಚೆಯಲ್ಲೇ ಪೂಜೆಗೆ ನಿಂತರೆ ಗಾಳಿ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಬೆರಳು ಮರಗಟ್ಟಿ ಗುಂಡಿ ಹಾಕಲೂ ಬರುವುದಿಲ್ಲ.

[ದೃಶ್ಯ: ಮಣ್ಣಿನಲ್ಲಿ ಕೋಲಿನಿಂದ ಎಳೆದ ಗೆರೆ, ಅದರ ಮೇಲೆ ಹೆಜ್ಜೆಗಳು]

ತಲೆನೋವು, ವಾಕರಿಕೆ ಇದ್ದರೆ ಅಲ್ಲೇ ನಿಲ್ಲಿ, ಏರಬೇಡಿ. ಜೊತೆಗಾರರು ಮಂಕಾಗಿದ್ದರೆ ಹೀಗೊಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಮಿದುಳು ಊದಿಕೊಳ್ಳುತ್ತಿದೆ ಅಂತಲೇ ತಿಳಿಯಿರಿ. ಸುಸ್ತಾಗಿದೆ ಅಂತ ಮಲಗಿಸಬೇಡಿ, ಬೆಳಗಾಗಲಿ ಅಂತಲೂ ಕಾಯಬೇಡಿ. ಟಾರ್ಚ್ ಹಿಡಿದು, ಎರಡೂ ಕಡೆ ಆನಿಸಿಕೊಂಡು, ಚಂದನಬಾರಿ ಕಡೆಗೆ ಇಳಿಸಿ. ಒಬ್ಬರನ್ನೇ ಮಾತ್ರ ಕಳಿಸಬೇಡಿ.