ಆಂಡ್ರ್ಯೂ ಲೀವಿಯ ಸೂತ್ರ ನಮ್ಮ ಕಿಡ್ನಿಗೆ ಹೊಂದುತ್ತಾ?

ನಮಸ್ಕಾರ. ಬಾಸ್ಟನ್‌ನ ಟಫ್ಟ್ಸ್ ಆಸ್ಪತ್ರೆಯಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಕಿಡ್ನಿ ತಜ್ಞ ಆಂಡ್ರ್ಯೂ ಲೀವಿ ಬಗ್ಗೆ ಇವತ್ತು ಮಾತಾಡೋಣ. ಹೆಸರು ಕೇಳಿರಲಿಕ್ಕಿಲ್ಲ. ಆದರೆ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ಕೆಳಗೆ ಇಜಿಎಫ್‌ಆರ್ ಅಂತ, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು, ಒಂದು ಸಂಖ್ಯೆ ಇರುತ್ತದಲ್ಲ, ಅದರ ಹಿಂದೆ ಇರುವುದು ಇವರು ಮತ್ತು ಇವರ ತಂಡ ಕೊಟ್ಟ ಲೆಕ್ಕ.

ಆ ಲೆಕ್ಕ ಯಾಕೆ ಬೇಕಾಯಿತು? ಕ್ರಿಯಾಟಿನಿನ್ 1.2 ಬಂದರೆ "ನಾರ್ಮಲ್ ಬಿಡಿ" ಅಂತೀವಿ. 25 ವರ್ಷದ ಹುಡುಗನಿಗೆ 1.2 ಅಂದರೆ ಇಜಿಎಫ್‌ಆರ್ ಸುಮಾರು 86. ಚಿಂತೆಯಿಲ್ಲ. ಅದೇ 1.2 ಎಪ್ಪತ್ತರ ಅಜ್ಜಿಗೆ ಬಂದರೆ ಸುಮಾರು 49. 60ಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೆ ಅದು ಕಿಡ್ನಿ ಕಾಯಿಲೆ. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಅಜ್ಜಿಗೆ ಮಾಂಸಖಂಡ ಕಮ್ಮಿ, ಹಾಗಾಗಿ ಕಿಡ್ನಿ ಸೋತಿದ್ದರೂ ಕ್ರಿಯಾಟಿನಿನ್ ಅಷ್ಟಾಗಿ ಏರಿರುವುದಿಲ್ಲ. ಇಂಥವರ ಕಾಯಿಲೆ ಯಾರ ಕಣ್ಣಿಗೂ ಬೀಳದೆ ಡಯಾಲಿಸಿಸ್‌ವರೆಗೆ ಹೋಗುತ್ತಿತ್ತು.

ಮೂಲದಲ್ಲಿ ಅಮೆರಿಕದಲ್ಲಿ ನಡೆದದ್ದು ಊಟದ ಮೇಲಿನ ದೊಡ್ಡ ಅಧ್ಯಯನ. ಪ್ರೋಟೀನ್ ಕಮ್ಮಿ ತಿಂದರೆ ಕಿಡ್ನಿ ಕೆಡುವುದು ನಿಧಾನವಾಗುತ್ತಾ ಅನ್ನೋದು ಪ್ರಶ್ನೆ. 1994ರಲ್ಲಿ ಬಂದ ಉತ್ತರ ಅಷ್ಟೇನೂ ಸ್ಪಷ್ಟವಾಗಿರಲಿಲ್ಲ. ಆದರೆ ಅದಕ್ಕಾಗಿ ಪ್ರತಿಯೊಬ್ಬರ ಕಿಡ್ನಿ ಎಷ್ಟು ಸೋಸುತ್ತದೆ ಅಂತ ನಿಜವಾಗಿ ಅಳೆದಿದ್ದರು. ಅಂಥ 1628 ಜನರ ಅಳತೆಯಿಂದ ಲೀವಿ ಮತ್ತು ಸಂಗಡಿಗರು 1999ರಲ್ಲಿ ಸೂತ್ರ ತೆಗೆದರು. 2002ರಲ್ಲಿ ಅವರ ನೇತೃತ್ವದ ತಂಡವೇ ಕಿಡ್ನಿ ಕಾಯಿಲೆಯನ್ನು ಐದು ಹಂತವಾಗಿ ವಿಂಗಡಿಸಿತು. ಇವತ್ತು ಡಾಕ್ಟರ್ "ಸ್ಟೇಜ್ ಮೂರು" ಅನ್ನುವುದು ಅಲ್ಲಿಂದ ಬಂದದ್ದೇ.

ಇಷ್ಟಕ್ಕೇ ನಿಲ್ಲಿಸಿದ್ದರೂ ಅವರು ದೊಡ್ಡವರೇ. ಆದರೆ ನನಗೆ ಗೌರವ ಬಂದಿದ್ದು ಆಮೇಲಿನ ಕೆಲಸಕ್ಕೆ. ಹಳೆ ಸೂತ್ರ ಆರೋಗ್ಯವಂತರ ಕಿಡ್ನಿಯನ್ನು ಕೀಳಾಗಿ ತೋರಿಸುತ್ತಿತ್ತು. 2009ರಲ್ಲಿ ಹೊಸದನ್ನು ತಂದರು. ಆದರೂ ಅದರಲ್ಲಿ ಒಂದು ದೊಡ್ಡ ತೊಡಕು ಉಳಿದಿತ್ತು. ಆಫ್ರಿಕನ್ ಅಮೆರಿಕನ್ನರಿಗೆ ಸಂಖ್ಯೆಯನ್ನು ಗುಣಿಸಿ ಹೆಚ್ಚು ಮಾಡುತ್ತಿದ್ದರು. ಮೊದಲ ಸೂತ್ರದ ಬಳಕೆಗೆ ಬಂದ ರೂಪದಲ್ಲಿ 1.212ರಿಂದ, ಎರಡನೆಯದರಲ್ಲಿ 1.159ರಿಂದ. ಇದರ ಪರಿಣಾಮ ನೋಡಿ. ಅಮೆರಿಕದಲ್ಲಿ ಕಿಡ್ನಿ ಕಸಿಯ ಸರದಿ ಶುರುವಾಗಲು ಇಜಿಎಫ್‌ಆರ್ 20ಕ್ಕೆ ಇಳಿದಿರಬೇಕು. ಬೇರೆಯವರಿಗೆ 18 ಅಂತ ಬರುವ ಕಡೆ, ಮೊದಲ ಸೂತ್ರದಲ್ಲಿ ಇವರಿಗೆ ಸುಮಾರು 22 ಬರುತ್ತಿತ್ತು. ಅವರ ಸರದಿ ಶುರುವಾಯಿತು, ಇವರದು ಆಗಲಿಲ್ಲ. ಮೈಬಣ್ಣ ನೋಡಿ ಕಾಯಿಸುವ ಲೆಕ್ಕ ಇದು. ಎಷ್ಟು ಅನ್ಯಾಯ ಅಲ್ವಾ?

ವಿದ್ಯಾರ್ಥಿಗಳು, ಡಾಕ್ಟರುಗಳು, ರೋಗಿಗಳು ಎದ್ದು ಕೇಳಿದರು. 2021ರಲ್ಲಿ ಜನಾಂಗದ ಗುಣಾಕಾರ ತೆಗೆದ ಸೂತ್ರ ಬಂತು. ಕಿಡ್ನಿ ತಜ್ಞೆ ಲೆಸ್ಲಿ ಇಂಕರ್ ಮುಂದಾಳು, ಲೀವಿ ಕೂಡ ಆ ಪ್ರಬಂಧದ ಲೇಖಕರು. 2023ರಿಂದ, ಹೀಗೆ ತಡವಾದವರಿಗೆ ಕಳೆದುಹೋದ ಕಾಯುವ ಕಾಲವನ್ನು ವಾಪಸ್ ಸೇರಿಸುವ ನಿಯಮವೂ ಬಂತು. ಜಗತ್ತೆಲ್ಲ ಬಳಸುವ ತಮ್ಮದೇ ಸೂತ್ರವನ್ನು ತಾವೇ ನಿಂತು ಬದಲಿಸುವುದು ಸುಮ್ನೆ ಮಾತಲ್ಲ. ಒಬ್ಬ ಸಂಶೋಧಕನನ್ನು ಅಳೆಯುವಾಗ ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ ಅಂತ ಎಣಿಸುತ್ತೇವೆ. ಇದನ್ನು ಎಣಿಸುವವರು ಕಾಣೆ.

ಈಗ ನಮ್ಮ ವಿಷಯ. ಈ ಸೂತ್ರಗಳನ್ನು ಕಟ್ಟಿದ್ದು ಮುಖ್ಯವಾಗಿ ಅಮೆರಿಕ, ಯುರೋಪಿನ ಜನರ ಅಳತೆಯ ಮೇಲೆ. ಜಪಾನಿನವರು ಹಳೆ ಸೂತ್ರ ತಮಗೆ ಹೊಂದುವುದಿಲ್ಲ ಅಂತ ಕಂಡು 0.808ರಿಂದ ಗುಣಿಸಿದರು. ನಮಗೆ ಇನ್ನೂ ಹತ್ತಿರದ್ದು ಕರಾಚಿಯ ಕೆಲಸ. ಸಂಶೋಧಕಿ ತಜೀನ್ ಜಾಫರ್ ತಂಡ ಅಲ್ಲಿನ ಸಾಮಾನ್ಯ ಜನರಿಗೆ ಇನ್ಯುಲಿನ್ (ಇನ್ಸುಲಿನ್ ಅಲ್ಲ, ಕಿಡ್ನಿ ಸೋಸಿ ಹೊರಹಾಕುವ ಒಂದು ವಸ್ತು) ಕೊಟ್ಟು ಕಿಡ್ನಿಯ ಕೆಲಸವನ್ನು ನೇರವಾಗಿ ಅಳೆದು, 2014ರಲ್ಲಿ ಪ್ರಕಟಿಸಿತು. 2009ರ ಸೂತ್ರ ಅವರ ಕಿಡ್ನಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತಿತ್ತು. ಆ ಪ್ರಬಂಧದಲ್ಲೂ ಲೀವಿ ಹೆಸರಿದೆ.

ನಮ್ಮಲ್ಲೂ ಮಾಂಸಖಂಡ ಕಮ್ಮಿ, ಮಾಂಸದ ಊಟ ಕಮ್ಮಿ ಇರುವವರು ಬಹಳ. ಹಾಗಿದ್ದಾಗ ರಿಪೋರ್ಟಿನಲ್ಲಿ ಇಜಿಎಫ್‌ಆರ್ 70 ಅಂತ ಅಚ್ಚಾದದ್ದು ನಿಜಕ್ಕೂ 70 ಇದೆಯಾ? ಕರ್ನಾಟಕದಲ್ಲೇ ನೋಡಿ, ರಾಯಚೂರಿನ ಕೂಲಿ ಹೆಂಗಸಿನ ಮೈಕಟ್ಟು, ಊಟ ಬೇರೆ, ಬೆಂಗಳೂರಿನ ಐಟಿ ಹುಡುಗನದು ಬೇರೆ. ಇಬ್ಬರನ್ನೂ ಕರೆದು ನೇರವಾಗಿ ಅಳೆಯುವ ದೊಡ್ಡ ಅಧ್ಯಯನಕ್ಕೆ ನಮ್ಮ ಮೆಡಿಕಲ್ ಕಾಲೇಜುಗಳು ಕೈಹಾಕಬೇಕು, ಸರ್ಕಾರ ದುಡ್ಡು ಕೊಡಬೇಕು. ಇದರಲ್ಲಿ ಪೇಟೆಂಟ್ ಸಿಗಲ್ಲ, ರಿಬ್ಬನ್ ಕತ್ತರಿಸಲು ಕಟ್ಟಡವೂ ಇರಲ್ಲ. ಆದರೂ ಆಗಲೇಬೇಕು.

ಅಲ್ಲಿಯವರೆಗೆ ತೀರಾ ಬಡಕಲು ಇರುವವರು, ವಯಸ್ಸಾದವರು ಮನೆಯಲ್ಲಿದ್ದರೆ ಡಾಕ್ಟರ ಹತ್ತಿರ ಸಿಸ್ಟಾಟಿನ್-ಸಿ ಪರೀಕ್ಷೆ ಬೇಕಾ ಅಂತ ಕೇಳಿ. ಇದೂ ಕಿಡ್ನಿಯ ಕೆಲಸ ಅಂದಾಜು ಮಾಡುವ ರಕ್ತ ಪರೀಕ್ಷೆಯೇ, ಆದರೆ ಮಾಂಸಖಂಡದ ಮೇಲೆ ಅಷ್ಟಾಗಿ ನಿಂತಿಲ್ಲ. ಕ್ರಿಯಾಟಿನಿನ್‌ಗಿಂತ ದುಬಾರಿ. ಜಿಲ್ಲಾಸ್ಪತ್ರೆಗಳಲ್ಲೇ ಅದು ಸಿಗುವಂತಾಗಬೇಕು ಅನ್ನೋದು ನನ್ನ ಒತ್ತಾಯ.